ಅಜ್ಜಿಯ ಚಪ್ಪಲಿ ಯಾವ ಊರಿನದು?

ತಲೆಗೆ ಸ್ನಾನದ ಟವೆಲ್ ಸುತ್ತಿಕೊಂಡ ಗಡ್ಡದ ಹುಡುಗ. ಒಂದು ಕೈಯಲ್ಲಿ ರಬ್ಬರ್ ಚಪ್ಪಲಿ, ಇನ್ನೊಂದು ಕೈ ಸೊಂಟದ ಮೇಲೆ. ಸ್ಪ್ಯಾನಿಷ್‌ನಲ್ಲಿ ಗದರುತ್ತಿದ್ದಾನೆ. ಮರುಕ್ಷಣ ಅದೇ ಹುಡುಗ ಟವೆಲ್ ತೆಗೆದು ಟೋಪಿ ಹಾಕಿಕೊಂಡು, ಬಾಗಿಲ ಸಂದಿಯಲ್ಲಿ ಹೆದರಿ ನಿಂತಿದ್ದಾನೆ. ಅಮ್ಮನೂ ಅವನೇ, ಮಗನೂ ಅವನೇ. ಅಮೆರಿಕದ ಲ್ಯಾಟಿನೊ ಹಾಸ್ಯದ ವಿಡಿಯೋ ಎಂದರೆ ಹೆಚ್ಚಿನವರ ಕಣ್ಮುಂದೆ ಬರುವುದು ಇದೇ.

ನೋಡಿದ ಕನ್ನಡಿಗರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ಅಯ್ಯೋ, ಥೇಟ್ ನಮ್ಮಮ್ಮ!’ ಮೆಚ್ಚುಗೆಯ ಮಾತೇನೋ ಸರಿ. ಆದರೆ ವಿಡಿಯೋ ಎಲ್ಲಿ ಸೋತಿದೆ ಎಂಬುದಕ್ಕೂ ಅದೇ ಸಾಕ್ಷಿಯಾಗಬಹುದು. ಜಗತ್ತಿನ ಎಲ್ಲರ ಅಮ್ಮನೂ ಆಗಬಲ್ಲವಳು ಯಾರ ಅಮ್ಮ? ಲ್ಯಾಟಿನೊ ಅಮ್ಮ ಎಂದು ಒಬ್ಬಳು ಎಲ್ಲೂ ಇಲ್ಲ. ಪೋರ್ಟೊ ರಿಕೊದ ಅಮ್ಮ ಇದ್ದಾಳೆ, ಹವಾನಾ ಬಿಟ್ಟು ಮಯಾಮಿಗೆ ಬಂದ ಅಜ್ಜಿ ಇದ್ದಾಳೆ, ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಚಿಕ್ಕಮ್ಮ ಇದ್ದಾಳೆ. ಒಳ್ಳೆಯ ಹಾಸ್ಯಗಾರರು ಇವರಲ್ಲಿ ಒಬ್ಬಳನ್ನು ಆರಿಸಿಕೊಳ್ಳುತ್ತಾರೆ. ಉಳಿದವರು ಮೂವರನ್ನೂ ಕಲಸಿ ಒಂದೇ ನೈಟಿ ತೊಡಿಸುತ್ತಾರೆ.

ಹೆಸರಿನ ಗೊಂದಲ ಮೊದಲು. ಸ್ಪ್ಯಾನಿಷ್ ಮಾತಿನ ನಂಟಿದ್ದವರು ‘ಹಿಸ್ಪ್ಯಾನಿಕ್’, ಲ್ಯಾಟಿನ್ ಅಮೆರಿಕದ ನಂಟಿದ್ದವರು ‘ಲ್ಯಾಟಿನೊ’. ಹಾಗಾಗಿ ಪೋರ್ಚುಗೀಸ್ ಆಡುವ ಬ್ರೆಜಿಲಿನವರು ಲ್ಯಾಟಿನೊ, ಆದರೆ ಹಿಸ್ಪ್ಯಾನಿಕ್ ಅಲ್ಲ; ಸ್ಪೇನಿನವರು ಹಿಸ್ಪ್ಯಾನಿಕ್, ಆದರೆ ಲ್ಯಾಟಿನೊ ಅಲ್ಲ. ಅಮೆರಿಕದ ಜನಗಣತಿಯ ಫಾರಂಗೆ ಹಿಸ್ಪ್ಯಾನಿಕ್ ಎಂಬ ಪದ 1980ರಲ್ಲಿ ಬಂತು, ಲ್ಯಾಟಿನೊ ಸೇರಿದ್ದು 2000ದಲ್ಲಿ. 2020ರ ಗಣತಿಯ ಪ್ರಕಾರ ಅಲ್ಲಿ ಇವರು 6.2 ಕೋಟಿ, ಅರ್ಧಕ್ಕಿಂತ ಹೆಚ್ಚು ಮಂದಿ ಮೆಕ್ಸಿಕೊ ಮೂಲದವರು. ಹಾಸ್ಯದ ದೃಷ್ಟಿಯಿಂದ ಮುಖ್ಯವಾದ ಸಂಗತಿ ಏನೆಂದರೆ, ಲ್ಯಾಟಿನೊ ಎನ್ನುವುದು ಅಮೆರಿಕಕ್ಕೆ ಬಂದಮೇಲೆ ಅಂಟುವ ಚೀಟಿ. ಬೊಗೋಟಾದಲ್ಲಿ ಕೂತವಳಿಗೆ ತಾನು ಕೊಲಂಬಿಯಾದವಳು, ಅದಕ್ಕಿಂತ ಮೊದಲು ಬೊಗೋಟಾದವಳು.

ಈ ಚೀಟಿ ಹಾಸ್ಯದ ಒಂದು ಪ್ರಕಾರವೇ ಆಗಿದ್ದು ವೈನ್ ಎಂಬ ಆ್ಯಪಿನ ಕಾಲದಲ್ಲಿ. 2013ರ ಜನವರಿಯಲ್ಲಿ ಶುರುವಾಗಿ 2017ರ ಜನವರಿಯಲ್ಲಿ ಮುಚ್ಚಿತು; ಒಂದು ವಿಡಿಯೋಗೆ 6 ಸೆಕೆಂಡು. ಪೋರ್ಟೊ ರಿಕೊ ಮತ್ತು ಡೊಮಿನಿಕನ್ ಮೂಲದ ಲೆಹ್ವಾನ್ ಜೇಮ್ಸ್ ಅಮ್ಮನ ಪಾತ್ರದಿಂದ ಹೆಸರಾದದ್ದು ಇಲ್ಲೇ; ಕರಾಕಾಸ್‌ನಲ್ಲಿ ಹುಟ್ಟಿ ಮಯಾಮಿಯಲ್ಲಿ ಬೆಳೆದ ಲೆಲೆ ಪೋನ್ಸ್ ಕೂಡ ಇಲ್ಲಿಂದಲೇ ಬಂದವಳು. ಇತ್ತ ಇಂಥ ವಿಡಿಯೋ ಮಾಡುವ ಕಂಪನಿಗಳೂ ಹುಟ್ಟಿಕೊಂಡವು: 2012ರಲ್ಲಿ ಲಾಸ್ ಏಂಜಲೀಸ್‌ನ ಮಿತೂ, ಆಮೇಲೆ ಬಜ್‌ಫೀಡ್‌ನ ‘ಪೆರೊ ಲೈಕ್’. ಪೆರೊ ಲೈಕ್ ಕಟ್ಟಿದವರಲ್ಲಿ ಒಬ್ಬಳಾದ ಜೆನ್ನಿ ಲೊರೆಂಜೊ ಮಯಾಮಿಯ ಕ್ಯೂಬನ್ ಮನೆತನದವಳು. ಅವಳ ‘ಅಬುವೆಲಾ’, ಅಂದರೆ ಅಜ್ಜಿ, ಈ ಪ್ರಕಾರದ ಅತ್ಯುತ್ತಮ ಪಾತ್ರ ಎಂಬುದು ನನ್ನ ಪಕ್ಷಪಾತ. ಕಾರಣ ಮುಂದೆ ಬರುತ್ತದೆ.

6 ಸೆಕೆಂಡು ಎಂದರೆ ಎಷ್ಟು ಮಾತು? ಸ್ಪ್ಯಾನಿಷ್ ವೇಗದ ಭಾಷೆ. ಭಾಷೆಗಳ ಓಟವನ್ನು ಅಳೆದು 2011ರಲ್ಲಿ ಬಂದ ಅಧ್ಯಯನವೊಂದರಲ್ಲಿ ಸ್ಪ್ಯಾನಿಷ್‌ಗೆ ಸೆಕೆಂಡಿಗೆ ಸುಮಾರು 7.8 ಉಚ್ಚಾರದ ಅಕ್ಷರ, ಇಂಗ್ಲಿಷಿಗೆ 6.2. ಅಂದರೆ ಉಸಿರು ಬಿಡದೆ ಮಾತಾಡಿದರೂ 6 ಸೆಕೆಂಡಿಗೆ 47 ಅಕ್ಷರ. ನಗಿಸಲು ಬೇಕಾದ ಒಂದು ನೋಟ, ಒಂದು ಮೌನ ಕಳೆದರೆ ಉಳಿಯುವುದು ಮೂವತ್ತು. ಇಷ್ಟರಲ್ಲಿ ಯಾರು, ಎಲ್ಲಿ, ಏಕೆ ಎಂದು ಹೇಳಲಾಗದು. ಹಾಗಾಗಿ ಆ ಕೆಲಸ ವಸ್ತುಗಳ ಪಾಲಿಗೆ ಬಂತು.

ಆ ವಸ್ತುಗಳು ಈಗ ಎಲ್ಲರಿಗೂ ಬಾಯಿಪಾಠ. ಡೆನ್ಮಾರ್ಕಿನ ಬೆಣ್ಣೆ ಬಿಸ್ಕತ್ತಿನ ನೀಲಿ ಡಬ್ಬಿ, ತೆರೆದರೆ ಸೂಜಿ-ದಾರ. ಮಾರ್ಗರೀನ್ ಡಬ್ಬಿಯಲ್ಲಿ ನೆನ್ನೆಯ ಬೀನ್ಸ್ ಕಾಳು. ಹೊತ್ತಿಸದ ಓವನ್ನಿನೊಳಗೆ ಬಾಣಲೆಗಳ ರಾಶಿ. ಪಾತ್ರೆ ತೊಳೆಯುವ ಮೆಷಿನ್ ಇದ್ದರೂ ಅದು ಬರೀ ಪಾತ್ರೆ ಒಣಗಿಸುವ ಸ್ಟ್ಯಾಂಡು. ನೆಗಡಿಗೂ ಕಾಲುನೋವಿಗೂ ಮನೋವ್ಯಥೆಗೂ ‘ವಿವಾಪೊರು’: ನಮ್ಮ ಅದೇ ವಿಕ್ಸ್, ಅಂಗಾಲಿಗೆ ಹಚ್ಚಿ ಮೇಲೆ ಸಾಕ್ಸು. ರಾತ್ರಿ ಹೊರಗೆ ಹೋದರೆ ‘ಸೆರೆನೊ’ ಬಡಿಯುತ್ತದೆಂಬ ಭಯ. ‘ಮಂಜು ಬೀಳ್ತಿದೆ, ತಲೆಗೆ ಬಟ್ಟೆ ಕಟ್ಕೋ’ ಎನ್ನುವ ಕನ್ನಡದ ಅಜ್ಜಿಯರು ಈ ಪದವನ್ನು ಹಾಗೇ ಎರವಲು ತಂದುಕೊಳ್ಳಬಹುದು. ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ ಕಂಡ ನಮಗೆ ಇದ್ಯಾವುದನ್ನೂ ಬಿಡಿಸಿ ಹೇಳಬೇಕಿಲ್ಲ.

ತೊಂದರೆ ಇರುವುದೂ ಇಲ್ಲೇ. ನೀಲಿ ಡಬ್ಬಿಯಿಂದ ಮನೆ ಯಾವ ದೇಶದ್ದೆಂದು ಗೊತ್ತಾಗದು. ಅದು ಹೇಳುವುದು ಇಷ್ಟೇ: ಈ ಮನೆಯಲ್ಲಿ ಏನನ್ನೂ ಬಿಸಾಡುವುದಿಲ್ಲ, ಇವರು ದುಡ್ಡು ಎಣಿಸಿ ಬದುಕಿದವರು. ಕೆಳಮಧ್ಯಮ ವರ್ಗದ ಗುರುತದು, ಸಂಸ್ಕೃತಿಯ ಗುರುತಲ್ಲ. ದೇಶ ಹೇಳಬೇಕಾದರೆ ಒಲೆಯ ಹತ್ತಿರ ಹೋಗಬೇಕು.

ತಳ ಹಿಡಿದ ಅನ್ನವನ್ನೇ ತೆಗೆದುಕೊಳ್ಳಿ. ಪಾತ್ರೆಯ ಅಡಿಯಲ್ಲಿ ಗರಿಗರಿಯಾಗಿ ಹತ್ತಿಕೊಂಡದ್ದು. ಪೋರ್ಟೊ ರಿಕೊದಲ್ಲಿ ಅದು ಪೆಗಾವ್, ಡೊಮಿನಿಕನ್ ಗಣರಾಜ್ಯದಲ್ಲಿ ಕೊಂಕೋನ್, ಕ್ಯೂಬಾದಲ್ಲಿ ರಾಸ್ಪಾ, ಕೊಲಂಬಿಯಾದಲ್ಲಿ ಪೇಗಾ, ಎಕ್ವಡಾರಿನಲ್ಲಿ ಕೊಕೊಲೋನ್. ಸೌಟಿನಿಂದ ಪಾತ್ರೆ ಕೆರೆಯುತ್ತ ‘ಕೊಂಕೋನ್ ಯಾರಿಗೆ?’ ಎಂದು ಅಮ್ಮ ಕೂಗಿದರೆ ಧ್ವಜ ತೋರಿಸುವ ಅಗತ್ಯವೇ ಇಲ್ಲ. ಹೀರುವ ನಳಿಕೆಯದೂ ಇದೇ ಕಥೆ: ಮೆಕ್ಸಿಕೊದಲ್ಲಿ ಪೊಪೋತೆ, ಕೊಲಂಬಿಯಾದಲ್ಲಿ ಪಿತಿಯೊ, ಪೋರ್ಟೊ ರಿಕೊದಲ್ಲಿ ಸೊರ್ಬೇತೊ, ಡೊಮಿನಿಕನ್ನರಲ್ಲಿ ಕಲಿಮೇತೆ. ‘ಗ್ವಾಗ್ವಾ’ ಎಂದರೆ ಕೆರಿಬಿಯನ್‌ನಲ್ಲಿ ಬಸ್ಸು, ಆ್ಯಂಡಿಸ್ ಬೆಟ್ಟಗಳ ಕಡೆ ಕೂಸು. ಗ್ವಾಗ್ವಾ ತಪ್ಪಿಸಿಕೊಂಡೆ ಎಂದು ಹವಾನಾದವಳು ಕೀಟೊದಲ್ಲಿ ಹೇಳಿದರೆ ಕೇಳಿದವರು ಪೊಲೀಸರಿಗೆ ಫೋನ್ ಮಾಡಬಹುದು. ಈ ಜೋಕಿಗೆ ಬರೆಯುವವರೇ ಬೇಡ, ತಾನಾಗಿ ಆಗುತ್ತದೆ.

ಕಾಫಿ ಇನ್ನೂ ಕಠಿಣ ಪರೀಕ್ಷೆ. ಕ್ಯೂಬನ್ ಅಜ್ಜಿಯನ್ನು ತೋರಿಸುವ ವಿಡಿಯೋದಲ್ಲಿ ಕಫೆಸಿತೊ ಮಾಡದೆ ಇರಲಾಗದು, ಮಾಡಿದರೆ ತಪ್ಪಿಗೆ ಕ್ಷಮೆಯಿಲ್ಲ. ಒಲೆಯ ಮೇಲಿಡುವ ಮೋಕಾ ಪಾತ್ರೆಯಿಂದ ಡಿಕಾಕ್ಷನ್ ಉಕ್ಕಲು ಶುರುವಾದಾಗ ಬರುವ ಮೊದಲ ಹನಿಗಳೇ ಗಟ್ಟಿ. ಅವನ್ನಷ್ಟೇ, ಅಂದರೆ ಒಂದೆರಡು ಟೀ ಚಮಚದಷ್ಟನ್ನು, ನಾಲ್ಕೈದು ಚಮಚ ಸಕ್ಕರೆಗೆ ಹಾಕಿ ಚಮಚದಿಂದ ಜೋರಾಗಿ ಬಡಿಯಬೇಕು. ಕಂದು ಬಣ್ಣ ತಿಳಿಯಾಗುತ್ತ ಬಿಳಿಚಿ, ಬೆಣ್ಣೆಯ ಹದ ಬರುತ್ತದೆ. ಆಮೇಲೆ ಉಳಿದ ಕಾಫಿ ಸುರಿದರೆ ನೊರೆ ಮೇಲೆ ತೇಲುತ್ತದೆ, ಅದು ಎಸ್ಪುಮಿತಾ. ಆತುರಕ್ಕೆ ಸಕ್ಕರೆಗೆ ಮೊದಲೇ ಹೆಚ್ಚು ಕಾಫಿ ಸುರಿದರೆ ಸಕ್ಕರೆ ಕರಗಿ ಪಾಕವಾಗುತ್ತದೆಯೇ ಹೊರತು ನೊರೆ ಏಳುವುದಿಲ್ಲ. ನಟಿ ಡೈಲಾಗ್ ನೆನಪಿಸಿಕೊಳ್ಳುತ್ತ ತೆಳ್ಳಗಿನ ಕಪ್ಪು ನೀರನ್ನು ಕಲಕುತ್ತಿದ್ದರೆ ಮಯಾಮಿಯ ಪ್ರೇಕ್ಷಕರು ಅವಳ ಮಾತು ಕೇಳುವುದನ್ನೇ ಬಿಟ್ಟಿರುತ್ತಾರೆ. ಪರಿಹಾರ ಸರಳ: ನೊರೆಯನ್ನು ಕ್ಯಾಮೆರಾ ಹಚ್ಚುವ ಮೊದಲೇ ಬಡಿದಿಟ್ಟುಕೊಳ್ಳಿ, ದೃಶ್ಯದಲ್ಲಿ ಕೊನೆಯ ಹತ್ತು ಸುತ್ತು ಮಾತ್ರ ಸಾಕು. ಚಮಚ ಲೋಹದ ಪಾತ್ರೆಗೆ ಬಡಿಯುವ ಸದ್ದನ್ನಂತೂ ಬಿಡಬೇಡಿ.

ಉಚ್ಚಾರಕ್ಕೆ ಬರೋಣ. ಹೆಚ್ಚಿನವರು ಜಾರುವುದು ಇಲ್ಲಿ. ಪೋರ್ಟೊ ರಿಕೊದವರು ‘ರ’ವನ್ನು ‘ಲ’ ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಆದರೆ ಅದು ಉಚ್ಚಾರದ ಅಕ್ಷರದ ಕೊನೆಯಲ್ಲಿ ಬಂದ ‘ರ್’ಗೆ ಮಾತ್ರ: ಪುವೆರ್ತಾ, ಅಂದರೆ ಬಾಗಿಲು, ಪುವೆಲ್ತಾ ಆಗುತ್ತದೆ. ಎರಡು ಸ್ವರಗಳ ನಡುವಿನ ‘ರ’ ಬದಲಾಗುವುದೇ ಇಲ್ಲ. ‘ಪೆರೊ’ ಎಂದರೆ ‘ಆದರೆ’, ‘ಪೆಲೊ’ ಎಂದರೆ ಕೂದಲು. ಅನುಕರಣೆಯ ಉತ್ಸಾಹದಲ್ಲಿ ಕಂಡಕಂಡ ‘ರ’ಗಳನ್ನೆಲ್ಲ ‘ಲ’ ಮಾಡುವ ನಟ ಪ್ರತಿ ವಾಕ್ಯದಲ್ಲೂ ಕೂದಲು ಕೂದಲು ಎನ್ನುತ್ತಿರುತ್ತಾನೆ. ಡೊಮಿನಿಕನ್ ಗಣರಾಜ್ಯದ ಉತ್ತರಕ್ಕಿರುವ ಸಿಬಾವೊ ಸೀಮೆಯಲ್ಲಿ ಅದೇ ‘ರ್’ ‘ಯ್’ ಆಗುತ್ತದೆ: ಕೊಮೆರ್ ಅಲ್ಲಿ ಕೊಮೆಯ್. ಕೆರಿಬಿಯನ್ ಕರಾವಳಿಯುದ್ದಕ್ಕೂ ಕೊನೆಯ ‘ಸ್’ ಉಸಿರಾಗಿ ಹೋಗುತ್ತದೆ, ಲೋಸ್ ಅಮಿಗೋಸ್ ಎನ್ನುವುದು ಲೋಹ್ ಅಮಿಗೋಹ್. ಮೆಕ್ಸಿಕೊ ನಗರದವಳು ಆ ‘ಸ್’ ಅನ್ನು ಬಿಡುವುದೇ ಇಲ್ಲ. ಬ್ಯೂನಸ್ ಐರಿಸ್‌ನಲ್ಲಿ ‘ಯೊ’ ಹೋಗಿ ‘ಶೊ’. ಕ್ಯೂಬನ್ ಅಜ್ಜಿ ‘ಒಂದು ನಿಮಿಷ’ ಎನ್ನಲು ಮೊಮೆಂತಿತೊ ಎನ್ನದೆ ಮೊಮೆಂತಿಕೊ ಎನ್ನುತ್ತಾಳೆ. ಇಷ್ಟು ಸಣ್ಣದರಲ್ಲಿ ಇಡೀ ದ್ವೀಪ ಇದೆ. ಜೆನ್ನಿ ಲೊರೆಂಜೊಳ ಅಬುವೆಲಾ ಮೇಲೆ ನನಗಿರುವ ಪಕ್ಷಪಾತಕ್ಕೆ ಕಾರಣ ಇದು: ಆಕೆ ಯಾರೋ ಒಬ್ಬ ಲ್ಯಾಟಿನೊ ಅಜ್ಜಿಯಲ್ಲ, ಕ್ಯೂಬಾದವಳು.

ನೀನು-ನೀವು ವಿಚಾರ ನಮಗೆ ಸುಲಭಕ್ಕೆ ಹಿಡಿಯುತ್ತದೆ. ‘ತೂ’ ಎಂದರೆ ನೀನು, ‘ಉಸ್ತೇದ್’ ಎಂದರೆ ನೀವು. ಆದರೆ ಬೊಗೋಟಾದ ಎಷ್ಟೋ ಮನೆಗಳಲ್ಲಿ ಅಮ್ಮ ಮಗನಿಗೂ ಉಸ್ತೇದ್ ಎನ್ನುತ್ತಾಳೆ, ನಾಯಿಗೂ ಎನ್ನುತ್ತಾಳೆ. ಅದರಲ್ಲಿ ದೂರವಿಲ್ಲ, ಅಕ್ಕರೆ. ಬೇರೆ ಕಡೆ ಸದಾ ‘ತೂ’ ಎನ್ನುವ ಅಮ್ಮ ಒಮ್ಮೆಲೇ ‘ಉಸ್ತೇದ್’ಗೆ ಹಾರಿದರೆ ಗ್ರಹಚಾರ ಕೆಟ್ಟಿತು ಎಂದರ್ಥ. ಜೊತೆಗೆ ಎರಡು ಹೆಸರು, ಅಪ್ಪನ ಕುಲನಾಮ, ಅಮ್ಮನ ಕುಲನಾಮ, ನಾಲ್ಕನ್ನೂ ಒಂದೇ ಉಸಿರಿಗೆ ಕೂಗಿದರೆ ಚಪ್ಪಲಿ ಕಾಣಿಸುವ ಮೊದಲೇ ಪ್ರೇಕ್ಷಕರು ತಲೆ ಬಗ್ಗಿಸಿರುತ್ತಾರೆ.

ಎರಡು ಭಾಷೆ ಬೆರೆಸುವುದಕ್ಕೂ ವ್ಯಾಕರಣವಿದೆ. ನ್ಯೂಯಾರ್ಕಿನ ಪೋರ್ಟೊ ರಿಕೊ ಸಮುದಾಯದ ಮಾತನ್ನು ಅಭ್ಯಾಸ ಮಾಡಿದ ಶಾನಾ ಪೊಪ್ಲಾಕ್ 1980ರಲ್ಲೇ ಇದನ್ನು ತೋರಿಸಿದರು: ಎರಡೂ ಭಾಷೆಗಳ ಪದಕ್ರಮ ಹೊಂದುವ ಜಾಗದಲ್ಲಿ ಮಾತ್ರ ನಾಲಗೆ ಹೊರಳುತ್ತದೆ. ಇಂಗ್ಲಿಷಿನಲ್ಲಿ ಬಣ್ಣ ಮೊದಲು ಮನೆ ಆಮೇಲೆ, ಸ್ಪ್ಯಾನಿಷ್‌ನಲ್ಲಿ ಮನೆ ಮೊದಲು ಬಣ್ಣ ಆಮೇಲೆ. ಹಾಗಾಗಿ ಅಲ್ಲಿ ನಡುವೆ ಭಾಷೆ ಬದಲಿಸುವವರು ಅಪರೂಪ. ನಾವೂ ‘ರಿಟರ್ನ್ ಮಾಡಿದೆ’ ಎನ್ನುತ್ತೇವೆ, ‘ರಿಟರ್ನಿದೆ’ ಎನ್ನುವುದಿಲ್ಲ, ಯಾರೂ ಕಲಿಸದೆ. ವಾಕ್ಯಗಳ ಸಂದಿಯಲ್ಲಿ ಬರುವ ‘ಪೆರೊ, ಲೈಕ್’ ಸಹಜ. ಬರೆದು ಉರುಹೊಡೆದ ಸ್ಕ್ರಿಪ್ಟು ಸಿಕ್ಕಿಬೀಳುವುದು ಎಲ್ಲೆಂದರೆ ಮೂರು ಪದಕ್ಕೊಂದು ಸ್ಪ್ಯಾನಿಷ್ ನಾಮಪದ ಸಿಕ್ಕಿಸಿದಾಗ. ಗೋಡಂಬಿ ಚುಚ್ಚಿದ ಕೇಸರಿಬಾತಿನ ಹಾಗೆ ಎದ್ದು ಕಾಣುತ್ತದೆ. ಮಯಾಮಿಯ ಯುವಕರಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಒಂದೂ ಸ್ಪ್ಯಾನಿಷ್ ಪದವಿಲ್ಲದ ಇಂಗ್ಲಿಷ್, ಆದರೆ ಒಳಗಿನ ಮೂಳೆ ಸ್ಪ್ಯಾನಿಷ್‌ನದು. ಕಾರಿನ ‘ಹೊರಗೆ ಬಾ’ ಎನ್ನದೆ ಕಾರಿನಿಂದ ‘ಕೆಳಗಿಳಿ’ ಎನ್ನುವ ಇಂಗ್ಲಿಷ್. ಫ್ಲಾರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಫಿಲಿಪ್ ಕಾರ್ಟರ್ ಇದರ ಬಗ್ಗೆ ಕೆಲಸ ಮಾಡಿದ್ದಾರೆ. ಮಯಾಮಿಯ ಪಾತ್ರಕ್ಕೆ ಇಂಥ ಎರಡು ವಾಕ್ಯ ಸಾಕು.

ಸ್ಪ್ಯಾನಿಷ್ ಬಾರದವರ ಹಾಸ್ಯವೂ ಬೆಳೆದಿದೆ. ‘ನನಗೆ ಗೊತ್ತಿಲ್ಲ’ ಎನ್ನಲು ‘ನೊ ಸೆ’ ಎನ್ನಬೇಕು. ಕ್ರಿಯಾಪದದ ಸಾಮಾನ್ಯ ನಿಯಮ ಹಚ್ಚಿ ‘ನೊ ಸಾಬೊ’ ಎನ್ನುವವರು ‘ನೊ ಸಾಬೊ’ ಮಕ್ಕಳು. 2023ರಲ್ಲಿ ಬಂದ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ, ಸ್ಪ್ಯಾನಿಷ್ ಅಷ್ಟಾಗಿ ಬಾರದ ಲ್ಯಾಟಿನೊಗಳಲ್ಲಿ 54 ಶೇಕಡಾ ಮಂದಿ ತಮ್ಮವರೇ ಇದಕ್ಕಾಗಿ ತಮ್ಮನ್ನು ಹೀಗಳೆದಿದ್ದಾರೆ ಎಂದರು. ಲ್ಯಾಟಿನೊ ಎನಿಸಿಕೊಳ್ಳಲು ಸ್ಪ್ಯಾನಿಷ್ ಬರಲೇಬೇಕಿಲ್ಲ ಎಂದವರು ಒಟ್ಟಾರೆ 78 ಶೇಕಡಾ. ಈ ಎರಡು ಅಂಕಿಗಳ ನಡುವಿನ ಸಂದಿಯಲ್ಲಿ ಸಾವಿರಾರು ವಿಡಿಯೋ ಹುಟ್ಟಿವೆ. ಅವುಗಳಲ್ಲಿ ಚೆನ್ನಾಗಿರುವವು ಮಗುವನ್ನಲ್ಲ, ಪರೀಕ್ಷೆ ಮಾಡಲು ಬರುವ ಚಿಕ್ಕಮ್ಮನನ್ನು ಗೇಲಿ ಮಾಡುತ್ತವೆ.

ಒಬ್ಬರೇ ಎರಡು ಪಾತ್ರ ಮಾಡುವುದು ಬಡತನದ ಉಪಾಯ ಎಂದು ಶುರುವಾಗಿ ಶೈಲಿಯಾಗಿಬಿಟ್ಟಿದೆ. ಟವೆಲ್ಲೇ ಕೂದಲು, ವಿಗ್ ಹಾಕಿದರೆ ಅದು ನಿಜ ಹೆಂಗಸಿನ ಅಣಕವಾಗಿ ಕಾಣುವ ಅಪಾಯವಿದೆ, ಟವೆಲ್ ಹಾಕಿದರೆ ಮಗ ಅಮ್ಮನನ್ನು ನೆನೆದು ಆಡುತ್ತಿದ್ದಾನೆ ಎಂಬುದು ಉಳಿಯುತ್ತದೆ. ಬಾತಾ, ಅಂದರೆ ನಮ್ಮ ನೈಟಿ, ಇದ್ದರೆ ಒಳ್ಳೆಯದು. ಕ್ಯಾಮೆರಾ ಅಮ್ಮನಿಗೆ ಎದೆಯ ಮಟ್ಟದಿಂದ ಮೇಲ್ಮುಖ, ಮಗನಿಗೆ ಕಣ್ಣಿಗಿಂತ ಒಂದು ಗೇಣು ಮೇಲಿನಿಂದ ಕೆಳಮುಖ. ಅಮ್ಮ ಲೆನ್ಸಿನ ಬಲಕ್ಕೆ ನೋಡಿದರೆ ಮಗ ಎಡಕ್ಕೆ ನೋಡಬೇಕು. ಅಮ್ಮನ ಮಾತುಗಳನ್ನೆಲ್ಲ ಮೊದಲು ಮುಗಿಸಿ, ಆಮೇಲೆ ಬಟ್ಟೆ ಬದಲಿಸಿ. ಮಾತಿಗೊಮ್ಮೆ ಬದಲಿಸಿದರೆ ಕಿಟಕಿಯ ಬೆಳಕು ಸರಿದು ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಮಾತಾಡಿದಂತೆ ಕಾಣುತ್ತದೆ. ಫೋನಿನಲ್ಲಿ ಬೆಳಕು ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿ. ಎಡಿಟ್ ಮಾಡುವಾಗ ಅಮ್ಮನ ಕೊನೆಯ ಪದ ಮುಗಿಯುವ ಮೊದಲೇ ಮಗನ ಮುಖಕ್ಕೆ ಕತ್ತರಿಸಿ, ಅವಳ ದನಿ ಮಾತ್ರ ಅವನ ಮೇಲೆ ಹರಿಯಲಿ. ನಗು ಬೈಗುಳದಲ್ಲಿಲ್ಲ, ಕೇಳುವವನ ಮುಖದಲ್ಲಿದೆ.

ಚಾಂಕ್ಲಾ, ಅದೇ ಆ ಚಪ್ಪಲಿ, ಹಾರುವುದು ಎರಡು ಶಾಟುಗಳಲ್ಲಿ. ಚೌಕಟ್ಟಿನ ಬಲಕ್ಕೆ ಹೊರಹೋದದ್ದು ಮುಂದಿನ ಶಾಟಿನಲ್ಲಿ ಎಡದಿಂದ ಒಳಬರಬೇಕು. ಬಲದಿಂದಲೇ ಬಂದರೆ ಚಪ್ಪಲಿ ಅಮ್ಮನಿಗೇ ತಿರುಗುಬಾಣವಾದಂತೆ ಕಾಣುತ್ತದೆ.

ಸಬ್‌ಟೈಟಲ್‌ಗೆ ಒಂದೇ ಎಚ್ಚರ ಹೇಳುವುದಾದರೆ ‘ನ್ಯ’ ಎಂದು ಓದುವ ñ ಅಕ್ಷರದ ಮೇಲಿನ ಅಲೆಗೆರೆ. ಅದಿದ್ದರೆ ‘ಅನ್ಯೊ’, ವರ್ಷ. ಮರೆತರೆ ‘ಆನೊ’, ಗುದದ್ವಾರ. ಹೊಸ ವರ್ಷದ ಶುಭಾಶಯದ ವಿಡಿಯೋಗಳಲ್ಲಿ ಪ್ರತಿ ಜನವರಿಯಲ್ಲೂ ಇದು ನಡೆಯುತ್ತದೆ. ಭಾಷೆ ಬೆರೆತ ವಿಡಿಯೋಗೆ ತಾನಾಗಿ ಬರುವ ಸಬ್‌ಟೈಟಲ್ ನಂಬಬೇಡಿ. ಅದು ಒಂದು ಭಾಷೆಯನ್ನು ಹಿಡಿದು ಇನ್ನೊಂದನ್ನೂ ಅದೇ ಎಂದು ಕೇಳಿಸಿಕೊಳ್ಳುತ್ತದೆ. ‘ಅಓರಿತಾ’ ಎಂಬ ಪದವನ್ನು ಅನುವಾದಿಸಲೇಬೇಡಿ. ‘ಈಗಲೇ’ ಎಂದು ನಿಘಂಟು ಹೇಳಬಹುದು. ಮೆಕ್ಸಿಕೊದಲ್ಲಿ ಅದು ಐದು ನಿಮಿಷದಿಂದ ಎಂದೂ ಇಲ್ಲ ಎನ್ನುವವರೆಗೆ ಹಿಗ್ಗುತ್ತದೆ, ಪೋರ್ಟೊ ರಿಕೊದಲ್ಲಿ ‘ಆಮೇಲೆ’.

ಅಮೆರಿಕದ ಗಡಿ ದಾಟಿ ದಕ್ಷಿಣಕ್ಕೆ ಹೋದರೆ ಆಟವೇ ಬೇರೆ. ಎಕ್ವಡಾರಿನ ಕೀಟೊದಲ್ಲಿ 2011ರಲ್ಲಿ ಶುರುವಾದ ಎಂಚುಫೆ ಟಿವಿ ಎಂಬ ಯೂಟ್ಯೂಬ್ ಹಾಸ್ಯ ತಂಡದವರಿಗೆ ತಾವು ಲ್ಯಾಟಿನೊ ಎಂದು ಯಾರಿಗೂ ಸಾಬೀತು ಮಾಡಬೇಕಿರಲಿಲ್ಲ. ಅಲ್ಲಿನ ಪ್ರಶ್ನೆ ಬೆಟ್ಟದವನೋ ಕರಾವಳಿಯವನೋ ಎಂಬುದು. ಚಳಿಯಾದರೆ ‘ಅಚಚಾಯ್’, ಬಿಸಿ ತಾಗಿದರೆ ‘ಅರ‍್ರರಾಯ್’ ಎನ್ನುವುದು ಬೆಟ್ಟದವರು. ಕಿಚುವಾ ಭಾಷೆಯಿಂದ ಸ್ಪ್ಯಾನಿಷ್‌ಗೆ ಬಂದ ಉದ್ಗಾರಗಳಿವು. ಬ್ರೆಜಿಲಿನ ಯೂಟ್ಯೂಬ್ ಹಾಸ್ಯಗಾರ ವಿಂಡರ್ಸನ್ ನುನೆಸ್ ದೇಶದ ಈಶಾನ್ಯದ ಪಿಯಾವಿ ರಾಜ್ಯದವನು. ಅಂಗಿಯಿಲ್ಲದೆ ತನ್ನ ಕೋಣೆಯಲ್ಲಿ ಕೂತು, ದಕ್ಷಿಣದ ನಗರಗಳವರು ಹಳ್ಳಿಯದೆಂದು ನಗುವ ಆ ರಾಗದಲ್ಲೇ ಮಾತಾಡಿ ಇಡೀ ಬ್ರೆಜಿಲಿನಲ್ಲಿ ಹೆಸರಾದ. ಧಾರವಾಡದ ಅಥವಾ ಮಂಗಳೂರಿನ ಕನ್ನಡದಲ್ಲಿ ರೀಲು ಮಾಡುವವರಿಗೆ ಇದರ ರುಚಿ ಹೇಳಿಕೊಡಬೇಕಿಲ್ಲ.

ಎಲ್ಲವನ್ನೂ ನಕ್ಕು ಬಿಡಲಾಗದು. ಪೆರುವಿನ ಟಿವಿಯಲ್ಲಿ ಪುರುಷ ನಟನೊಬ್ಬ ಆ್ಯಂಡಿಸ್‌ನ ಮೂಲನಿವಾಸಿ ಹೆಂಗಸಿನ ವೇಷ ಹಾಕಿ, ಹಲ್ಲು ಕಪ್ಪು ಮಾಡಿಕೊಂಡು ಆಡುತ್ತಿದ್ದ ‘ಪೈಸಾನಾ ಹಸಿಂತಾ’ ಎಂಬ ಪಾತ್ರವಿತ್ತು. 2018ರಲ್ಲಿ ಕುಸ್ಕೊದ ನ್ಯಾಯಾಲಯ ಅದರ ಪ್ರಸಾರಕ್ಕೆ ತಡೆ ಹಾಕಿತು. ಮಗ ಅಮ್ಮನ ವೇಷ ಹಾಕುವುದಕ್ಕೂ ಲಿಮಾದ ಸ್ಟುಡಿಯೋ ಬೆಟ್ಟದ ಹೆಂಗಸಿನ ವೇಷ ಹಾಕುವುದಕ್ಕೂ ಇರುವ ವ್ಯತ್ಯಾಸ ಬಟ್ಟೆಯಲ್ಲಿಲ್ಲ. ಚಾಂಕ್ಲಾ ಬಗ್ಗೆಯೂ ತಕರಾರು ಇದೆ: ಮಕ್ಕಳಿಗೆ ಹೊಡೆಯುವುದನ್ನು ಸಂಸ್ಕೃತಿ ಎಂದು ಸಂಭ್ರಮಿಸುವುದು ಯಾಕೆ? ನ್ಯಾಯವಾದ ಪ್ರಶ್ನೆ. ಆದರೆ ಆ ಚಪ್ಪಲಿ ಈಗ ಟೀಶರ್ಟಿಗೂ ಬಂದಾಗಿದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಬೇಸ್‌ಬಾಲ್ ತಂಡ 2018ರಲ್ಲಿ ಕೆಲವು ಪಂದ್ಯಗಳಿಗೆ ‘ಫ್ಲೈಯಿಂಗ್ ಚಾಂಕ್ಲಾಸ್’ ಎಂಬ ಹೆಸರಿನಲ್ಲೇ ಆಡಿತು. ಈಚಿನ ಜಾಣ ವಿಡಿಯೋಗಳಲ್ಲಿ ಚಪ್ಪಲಿ ಕಾಲಿನಿಂದ ಕಳಚುವ ‘ಟಪ್’ ಶಬ್ದ ಮಾತ್ರ ಕೇಳಿಸುತ್ತದೆ, ಏಟು ಇರುವುದಿಲ್ಲ.

ಜಾಹೀರಾತಿನ ದುಡ್ಡು ಹರಿಯುವುದು ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗಿನ ಹಿಸ್ಪ್ಯಾನಿಕ್ ಪರಂಪರೆಯ ತಿಂಗಳಲ್ಲಿ. ತಿಂಗಳ ನಡುವೆ ಶುರುವಾಗಲು ಕಾರಣ ಇದೆ: ಗ್ವಾಟೆಮಾಲಾ, ಹೊಂಡುರಾಸ್ ಮೊದಲಾದ ಐದು ದೇಶಗಳ ಸ್ವಾತಂತ್ರ್ಯ ದಿನ 15ಕ್ಕೆ, ಮೆಕ್ಸಿಕೊದ್ದು 16ಕ್ಕೆ, ಚಿಲಿಯದು 18ಕ್ಕೆ. ಆಗ ಬರುವ ಸ್ಕ್ರಿಪ್ಟುಗಳಲ್ಲಿ ಮೆಕ್ಸಿಕೊದ ಸೊಂಬ್ರೆರೊ ಟೋಪಿ, ಕ್ಯೂಬಾದ ಮರಾಕಾ ಗಿಲಕಿ, ಅರ್ಜೆಂಟೀನಾದ ಟ್ಯಾಂಗೊ ಎಲ್ಲ ಒಂದೇ ಮೂವತ್ತು ಸೆಕೆಂಡಿನಲ್ಲಿ ಇರುತ್ತವೆ. ಎಲ್ಲರನ್ನೂ ಸೇರಿಸಿಕೊಳ್ಳುವ ಆಸೆಗೆ ಯಾರ ಮನೆಯೂ ಉಳಿಯುವುದಿಲ್ಲ.

ಅಪ್‌ಲೋಡ್ ಮಾಡುವ ಮೊದಲು ಎರಡು ಸಲ ನೋಡುವುದು ಒಳ್ಳೆಯದು. ಮೊದಲ ಸಲ ಸದ್ದು ಪೂರ್ತಿ ಇಳಿಸಿ, ಅಡುಗೆಮನೆಯನ್ನಷ್ಟೇ ನೋಡಿ ಯಾವ ದೇಶ ಎಂದು ಬರೆದಿಟ್ಟುಕೊಳ್ಳಿ. ಎರಡನೆಯ ಸಲ ಕಣ್ಣು ಮುಚ್ಚಿ, ಮಾತಷ್ಟೇ ಕೇಳಿ ಮತ್ತೆ ಬರೆಯಿರಿ. ಒಲೆಯ ಪಕ್ಕ ಪೋರ್ಟೊ ರಿಕೊದ ಬೆಳ್ಳುಳ್ಳಿ ಕುಟ್ಟುವ ಮರದ ಒರಳು, ಬಾಯಲ್ಲಿ ಮೆಕ್ಸಿಕೊದ ಅಓರಿತಾ ಎಂದಾದರೆ ಒರಳನ್ನಾದರೂ ಎತ್ತಿಡಿ, ಮಾತನ್ನಾದರೂ ತಿದ್ದಿ. ಒರಳು ಎತ್ತಿಡುವುದು ಸುಲಭ.